ಬೇಡವಾದವರ ಪ್ಲಟೂನು

ಪೇಂಟ್‌ಬಾಲ್ ಆಟವನ್ನು ಯಾರಾದರೂ ನಗುನಗುತ್ತ ಆಡುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಡಿಕೇರಿ ರಸ್ತೆಯ ರೆಸಾರ್ಟುಗಳಲ್ಲಿ ಬಾಡಿಗೆ ಮುಖವಾಡ ತೊಟ್ಟು, ಗೆಳೆಯನ ಬೆನ್ನಿಗೆ ಬಣ್ಣದ ಗುಂಡು ಹೊಡೆದು ಕೇಕೆ ಹಾಕುವವರ ತಪ್ಪೇನೂ ಇಲ್ಲ. ಅವರು ರಜೆಗೆ ಬಂದವರು, ಅವರಿಗೆ ಅದು ಆಟ. ಆದರೆ ನನಗೆ ಆ ಆಟ ಕಲಿಸಿದವರು ಮೈದಾನದಲ್ಲಿ ಒಮ್ಮೆಯೂ ನಕ್ಕವರಲ್ಲ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಕುಶಾಲನಗರದ ಕಡೆಯವರು "ಓ, ಅವನಾ" ಎನ್ನುತ್ತಾರೆ. ಆ ರಾಗ ಕೇಳುವುದು ನನಗೆ ಬೇಡ.

ಆಗ ನಾನು ಹಾರಂಗಿ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಭಾಗಮಂಡಲದಲ್ಲಿ ಪೂಜೆ ಮಾಡುವವರ ಮನೆಯಲ್ಲಿ ಹುಟ್ಟಿ, ಗುಡಿಯ ಗಂಟೆಗಿಂತ ದೊಡ್ಡ ಸದ್ದು ಕೇಳದೆ ಬೆಳೆದವನು. ನನ್ನ ಬಾಡಿಗೆ ಮನೆಯ ಎದುರಿಗೇ ಅವರ ಅಂಗಡಿ. ಪಂಪ್‌ಸೆಟ್ಟು ಮತ್ತು ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರುಗಳ ರಿಪೇರಿ. ಅವರ ತಂದೆ ಹಾಸನದ ಕಡೆಯಿಂದ ಬಂದು ನಾಲೆಯ ಕೆಳಗೆ ಗದ್ದೆ ಮಾಡಿದವರು. ಇವರು ಕುಳ್ಳು ಆಳು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಬಿರಬಿರನೆ ನಡೆಯುವವರು. ಕೈತುಂಬ ಗ್ರೀಸು ಮೆತ್ತಿಕೊಂಡಿದ್ದರೂ ಬೂಟು ಮಾತ್ರ ಫಳಫಳ. ಭಾನುವಾರ ಬೆಳಿಗ್ಗೆ ಕೆಸರಿಗೆ ಇಳಿಯುವ ಮೊದಲು ಬೂಟಿಗೆ ಪಾಲಿಶ್ ಹಾಕಿಕೊಳ್ಳುತ್ತಿದ್ದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. "ಹೆಂಗಿದ್ರೂ ಕೆಸರಾಗುತ್ತಲ್ಲ" ಎಂದರೆ, "ಅದು ಆಮೇಲಿನ ಮಾತು ಮೇಷ್ಟ್ರೇ. ಹೊರಡೋವಾಗ ನೆಟ್ಟಗಿರ್ಬೇಕು" ಎನ್ನುತ್ತಿದ್ದರು.

ಅವರು ಕಟ್ಟಿದ್ದ ಕ್ಲಬ್ಬಿಗೆ ಒಂದು ಗಂಭೀರವಾದ ಹೆಸರಿತ್ತು. ಊರವರು ಅದನ್ನು ಕರೆಯುತ್ತಿದ್ದುದು ರಿಜೆಕ್ಟ್ ಪ್ಲಟೂನು ಅಂತ. ಹಾಗೆ ಕರೆಯುವುದಕ್ಕೆ ಕಾರಣವಿತ್ತು. ನಮ್ಮದು ಫೌಜಿಗಳ ಜಿಲ್ಲೆ. ಮನೆಗೊಬ್ಬರ ಸಮವಸ್ತ್ರದ ಫೋಟೋ ಗೋಡೆಯ ಮೇಲಿರುತ್ತದೆ. ಆದರೆ ಸೈನ್ಯದ ಭರ್ತಿಗೆ ಹೋಗಿ, ಓಡಿ, ಹಾರಿ, ಕೊನೆಗೆ ಬೇಡ ಎನಿಸಿಕೊಂಡು ಬಸ್ಸು ಹತ್ತಿದವರೂ ಇಲ್ಲಿ ಅಷ್ಟೇ ಇದ್ದಾರೆ. ಅವರ ಫೋಟೋ ಎಲ್ಲಿಯೂ ಇರುವುದಿಲ್ಲ. ಮದುವೆ ಮನೆಗಳಲ್ಲಿ ರಜೆಗೆ ಬಂದ ಫೌಜಿಯ ಸುತ್ತ ಜನ ಸೇರಿದಾಗ ಇವರು ಊಟದ ಸಾಲು ಎಷ್ಟಿದೆ ನೋಡಿಬರಲು ಎದ್ದು ಹೋಗುತ್ತಾರೆ. ಅಂಥವರನ್ನೇ ಅವರು ಹುಡುಕಿ ಹುಡುಕಿ ಸೇರಿಸಿದರು. ಅಂಗಡಿಗೆ ಪಂಪು ಹೊತ್ತು ತಂದವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಭರ್ತಿಗೆ ಹೋಗಿದ್ರಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ತಲೆ ತಗ್ಗಿಸಿದವನು ಮುಂದಿನ ಭಾನುವಾರ ಮೈದಾನದಲ್ಲಿರುತ್ತಿದ್ದ.

ಸೇರುವವರಿಗೆ ಒಂದು ಕಟ್ಟಳೆ ಇತ್ತು. ಎಲ್ಲರ ಎದುರು ಸೆಟೆದು ನಿಂತು, ಸೈನ್ಯ ನನ್ನನ್ನು ಏಕೆ ಬೇಡವೆಂದಿತು ಎಂದು ಗಟ್ಟಿಯಾಗಿ ಹೇಳಬೇಕು. ಬೋಪಣ್ಣ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲ ಸೈನ್ಯದಲ್ಲಿದ್ದ ಕೊಡವರ ಮನೆಯವನು, ಆರಡಿಯ ದೇಹ. "ನಂಗೆ ಕೆಂಪು ಹಸಿರು ಗೊತ್ತಾಗುದಿಲ್ಲ" ಎಂದು ಹೇಳಿ ಮುಗಿಸುವಷ್ಟರಲ್ಲಿ ಬೆವತು ಹೋಗಿದ್ದ. ಮೆಕ್ಯಾನಿಕ್ ರಶೀದ್ ಒಂದಿಂಚು ಕಡಿಮೆ. ಇನ್ನೊಬ್ಬನಿಗೆ ಪಾದ ಚಪ್ಪಟೆ, ಮತ್ತೊಬ್ಬನಿಗೆ ಕಿವಿ ಸೋರುವುದು. ಹೇಳಿ ಮುಗಿದ ಮೇಲೆ ಅವರು ಹತ್ತಿರ ಹೋಗಿ ಕೈಕುಲುಕಿ, "ಇಲ್ಲಿ ನೀವು ಬೇಕು" ಎನ್ನುತ್ತಿದ್ದರು. ಇಷ್ಟೇ ಮಾತು. ಈ ಮಾತಿಗೆ ದೊಡ್ಡ ದೊಡ್ಡ ಗಂಡಸರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ನನ್ನ ಸರದಿ ಬಂದಾಗ, "ಸೈನ್ಯ ನನ್ನನ್ನು ಬೇಡ ಅನ್ನಲಿಲ್ಲ, ನಾನು ಕೇಳಲೇ ಇಲ್ಲ" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಇದೂ ಒಂದು ಕಾರಣನೇ" ಎಂದು ಒಪ್ಪಿಕೊಂಡರು. ಅವರ ಕಾರಣವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕ್ಲಬ್ಬು ಕಟ್ಟಿದವರನ್ನು ಕೇಳುವುದು ಹೇಗೆ? ಎತ್ತರ ಸಾಲದೆ ಹೋಗಿರಬೇಕು ಎಂದು ನಾವೇ ಅಂದುಕೊಂಡಿದ್ದೆವು.

ಮೈದಾನವೆಂದರೆ ಹಿನ್ನೀರಿನ ಪಕ್ಕದ ಒಂದು ಪಾಳು ಎಸ್ಟೇಟು. ಕೆಲಸದವರು ಬಿಟ್ಟುಹೋದ ಲೈನ್ ಮನೆಗಳು ಅಲ್ಲಿ ಸಾಲಾಗಿ ನಿಂತಿದ್ದವು, ಕೆಲವಕ್ಕೆ ಹೆಂಚಿತ್ತು, ಕೆಲವಕ್ಕೆ ಇರಲಿಲ್ಲ. ಸುತ್ತ ಸಿಲ್ವರ್ ಓಕ್ ಮರಗಳು, ಎದೆಯೆತ್ತರದ ಲಂಟಾನ ಪೊದೆ, ಲೆಕ್ಕವಿಲ್ಲದಷ್ಟು ಜಿಗಣೆ. ಅಲ್ಲಿ ನಾವು ಆಡುತ್ತಿದ್ದುದನ್ನು ಆಟವೆನ್ನುವ ಹಾಗಿರಲಿಲ್ಲ. ಮೊದಲು ಫಾಲ್ ಇನ್ ಎಂದು ಸಾಲಾಗಿ ನಿಲ್ಲುವುದು, ಹಾಜರಿ. ಆಮೇಲೆ ನೆಲದ ಮೇಲೆ ಕಡ್ಡಿಯಿಂದ ನಕ್ಷೆ. ಇಂಥ ಮನೆಯಲ್ಲಿ ಶತ್ರುಗಳು ಒಬ್ಬನನ್ನು ಒತ್ತೆ ಇಟ್ಟಿದ್ದಾರೆ, ಮಧ್ಯಾಹ್ನದೊಳಗೆ ಬಿಡಿಸಿ ತರಬೇಕು ಎಂಬಂಥ ಆದೇಶ. ಒತ್ತೆಯಾಳು ಹೆಚ್ಚಾಗಿ ನಾನೇ, ಓಡುವ ಕೆಲಸವಿಲ್ಲದ ಪಾತ್ರ ಎಂದು. ಗುಂಡುಗಳನ್ನು ಎಣಿಸಿ ಕೊಡುತ್ತಿದ್ದರು, ಖಾಲಿಯಾದರೆ ಇಲ್ಲ. ಬಣ್ಣ ತಾಗಿದವನು ತಾನೇ ಕೈ ಎತ್ತಿ ಕೂರಬೇಕು, ಅವನ ಕಡೆಯ ಇಬ್ಬರು ಬಂದು ಹೊತ್ತು ಹಿಂದಕ್ಕೆ ಸಾಗಿಸುವವರೆಗೆ ಜಿಗಣೆ ಹತ್ತಿದರೂ ಅಲ್ಲಾಡಬಾರದು. ಮಳೆಯಲ್ಲಿ ಬಣ್ಣ ತೊಳೆದುಹೋಗುತ್ತದೆ, ಮೋಸ ಮಾಡುವುದು ಸುಲಭ. ಒಮ್ಮೆ ಹಾಗೆ ಒರೆಸಿಕೊಂಡು ಎದ್ದವನನ್ನು ಅವರು ಬೈಯಲಿಲ್ಲ, ಆ ದಿನದ ಆಟವನ್ನೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಅವನು ಮುಂದೆಂದೂ ಒರೆಸಿಕೊಳ್ಳಲಿಲ್ಲ. ಭಾನುವಾರದ ಊಟ ಎಲ್ಲರಿಗೂ ಅವರ ಮನೆಯಲ್ಲೇ.

ಬಣ್ಣದ ಗುಂಡು ಹಾರಿಸುವ ಆ ಸಲಕರಣೆಯನ್ನು ಬಂದೂಕು ಎನ್ನಲು ಬಿಡುತ್ತಿರಲಿಲ್ಲ. ಮಾರ್ಕರ್ ಎನ್ನಬೇಕು. "ಬಂದೂಕು ಅನ್ನೋದು ದೊಡ್ಡ ಮಾತು, ನಮ್ಮ ಬಾಯಿಗೆ ಬೇಡ" ಎನ್ನುತ್ತಿದ್ದರು. ಆದರೂ ಆಯುಧಪೂಜೆಯ ದಿನ ಎಲ್ಲ ಮಾರ್ಕರುಗಳನ್ನೂ ಸಾಲಾಗಿ ಜೋಡಿಸಿ ಕುಂಕುಮ ಹಚ್ಚಿ ಹೂವಿಟ್ಟಿದ್ದರು. ಮನೆಯಲ್ಲಿ ಅಸಲಿ ಕೋವಿಗೆ ಪೂಜೆ ಮಾಡಿ ಬಂದಿದ್ದ ಬೋಪಣ್ಣ, "ಪೇಂಟ್ ಹೊಡಿಯೋ ಪೈಪಿಗೂ ಪೂಜೆಯಾ ಸಾರ್" ಎಂದು ಮೂಗು ಮುರಿದ. ಮುಂದಿನ ವರ್ಷ ಅವನೇ ತೋಟದಿಂದ ಬುಟ್ಟಿ ತುಂಬ ಚೆಂಡುಹೂವು ತಂದ.

ಗುಂಡುಗಳ ಕಥೆಯೊಂದಿದೆ. ಅವುಗಳ ಮೇಲಿನ ಸಿಪ್ಪೆ ಔಷಧದ ಕ್ಯಾಪ್ಸೂಲಿನಂಥದು, ಥಂಡಿಗೆ ಊದಿಕೊಳ್ಳುತ್ತದೆ. ಜೂನ್ ತಿಂಗಳ ಕೊಡಗಿನಲ್ಲಿ ಥಂಡಿ ಇಲ್ಲದ ಜಾಗ ಯಾವುದು? ಹಿರಿಯರು ಏಲಕ್ಕಿ, ಮೆಣಸು, ಕೋವಿಯ ಮದ್ದು ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುತ್ತಿದ್ದರೆಂದು ಯಾರೋ ಹೇಳಿದ್ದನ್ನು ಕೇಳಿ, ಇವರು ವರ್ಷಕ್ಕಾಗುವಷ್ಟು ಗುಂಡುಗಳ ಡಬ್ಬಿಗಳನ್ನು ಹಂಡೆ ಒಲೆಯ ಮೇಲಿನ ಅಟ್ಟಕ್ಕೇರಿಸಿದರು. ಒಂದು ವಾರದ ಮೇಲೆ ಇಳಿಸಿದಾಗ ಎಲ್ಲ ಕರಗಿ ಒಂದಕ್ಕೊಂದು ಅಂಟಿ, ನೀಲಿ ಹಳದಿ ಬೆರೆತ ದೊಡ್ಡ ಮುದ್ದೆಯಾಗಿತ್ತು. ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. "ನೋಡಿ ಮೇಷ್ಟ್ರೇ, ಯುದ್ಧ ಶುರುವಾಗೋಕೆ ಮುಂಚೆನೇ ಮದ್ದುಗುಂಡು ಮುಗೀತು" ಎಂದರು ಆಕೆ. ಆಗ ಅವರೂ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ, ಅದೂ ಮನೆಯ ಜಗಲಿಯಲ್ಲಿ.

ರೆಸಾರ್ಟಿನವರೊಬ್ಬರು ಕಾರಿನಲ್ಲಿ ಬಂದು, ವಾರದ ಕೊನೆಗೆ ತಮ್ಮ ಟೂರಿಸ್ಟರನ್ನು ಕಳಿಸುತ್ತೇವೆ, ಕ್ಲಬ್ಬೂ ಬೆಳೆಯುತ್ತದೆ ಎಂದು ಆಸೆ ತೋರಿಸಿದ್ದುಂಟು. ಇವರು ಪಂಪಿನ ನಟ್ಟು ಬಿಚ್ಚುತ್ತಲೇ ಕೇಳಿ, "ನಗೋರಿಗೆ ಒಂದು ಜೋಕಾಲಿ ಹಾಕಿಸ್ಕೊಡಿ ಸಾರ್. ನಮ್ಮಲ್ಲಿ ಬರೋರು ನಗೋಕೆ ಬರಲ್ಲ" ಎಂದರು.

ನನ್ನ ಮೊದಲ ದಿನದ ಬಗ್ಗೆ ಹೇಳದಿದ್ದರೆ ಅವರನ್ನು ಪೂರ್ತಿ ಹೇಳಿದಂತಾಗುವುದಿಲ್ಲ. ಮೊದಲ ಗುಂಡು ಕಿವಿಯ ಪಕ್ಕದಲ್ಲಿ ಹಾದು ಮರಕ್ಕೆ ಬಡಿದದ್ದೇ ತಡ, ನಾನು ಸಿಲ್ವರ್ ಓಕಿನ ಬುಡದಲ್ಲಿ ಮುದುಡಿ ಕೂತೆ. ಬಣ್ಣದ ಗುಂಡು ಎಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಾಗಬೇಕಲ್ಲ. ಅತ್ತಕಡೆಯಿಂದ ರಶೀದ್ ಮುಖವಾಡದೊಳಗೇ ನಗುವುದು ಕೇಳುತ್ತಿತ್ತು. ಅವರು ತೆವಳಿಕೊಂಡು ಬಂದು ನನ್ನ ಪಕ್ಕ ಕೂತರು. "ಬರುತ್ತೆ ಮೇಷ್ಟ್ರೇ, ಹೆದರಿಕೆ ಎಲ್ಲರಿಗೂ ಬರುತ್ತೆ. ಎದ್ದು ಓಡಬೇಡಿ ಅಷ್ಟೆ. ಓಡಿದ್ರೆ ಆಮೇಲೆ ನಿಲ್ಲೋಕೆ ಜಾಗ ಸಿಗಲ್ಲ. ಇಲ್ಲೇ ಕೂತಿರಿ, ನಾನೂ ಕೂತಿರ್ತೀನಿ." ಆಟ ಮುಗಿಯುವವರೆಗೆ ಅಲ್ಲೇ ಕೂತಿದ್ದರು. ತಮ್ಮ ಪಡೆ ಸೋಲುತ್ತಿದ್ದರೂ ಕದಲಲಿಲ್ಲ. ಅಷ್ಟು ದೊಡ್ಡ ದಯೆಯನ್ನು ನನಗೆ ನನ್ನ ಅಪ್ಪನೂ ತೋರಿಸಿರಲಿಲ್ಲ.

ಇನ್ನು ಆ ದಿನದ ವಿಷಯ. ನಮ್ಮ ಜಿಲ್ಲೆಯಲ್ಲಿ ಸಭೆಯೊಂದು ಮೈಕಿಲ್ಲದೆ ನಡೆದೀತು, ನಿವೃತ್ತ ಸೈನಿಕರೊಬ್ಬರು ಮುಖ್ಯ ಅತಿಥಿಯಾಗಿ ಬಾರದೆ ನಡೆಯದು. ಶಾಲೆಯ ವಾರ್ಷಿಕೋತ್ಸವವಿರಲಿ, ಫಲಪುಷ್ಪ ಪ್ರದರ್ಶನವಿರಲಿ, ನಾಯಿಗಳಿಗೆ ಚುಚ್ಚುಮದ್ದು ಹಾಕುವ ಶಿಬಿರವಿರಲಿ, ಪದಕ ತೊಟ್ಟವರೊಬ್ಬರು ದೀಪ ಹಚ್ಚಲೇಬೇಕು. ಕ್ಲಬ್ಬಿನ ವರ್ಷದ ದೊಡ್ಡ ಕವಾಯತಿಗೆ ಅವರು ಎಂದೂ ಅತಿಥಿಗಳನ್ನು ಕರೆದವರಲ್ಲ. "ನಮ್ಮಷ್ಟಕ್ಕೆ ನಾವು" ಎಂದುಬಿಡುತ್ತಿದ್ದರು. ಕಡೆಯ ವರ್ಷ ಬೋಪಣ್ಣನಿಗೆ ಇದು ಸರಿಕಾಣಲಿಲ್ಲ. ಇಷ್ಟು ಚೆಂದದ ಕ್ಲಬ್ಬು, ಒಬ್ಬ ಫೌಜಿಯ ಬಾಯಿಂದ ಭೇಷ್ ಅನ್ನಿಸಿಕೊಳ್ಳಬಾರದೇ? ಗುಟ್ಟಾಗಿ ತನ್ನ ಸೋದರಮಾವನನ್ನು ಕರೆದ. ಮಾವ ನಿವೃತ್ತ ಸುಬೇದಾರರು, ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತ ವರ್ಷಗಟ್ಟಲೆ ಕಳೆದವರು. ಬೋಪಣ್ಣನ ಕಣ್ಣಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ.

ನಾಲ್ಕು ಕಂಬದ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು. ನಮ್ಮ ನಮ್ಮ ಮನೆಯವರೂ ಬಂದಿದ್ದರು. ಸುಬೇದಾರರು ಕೋಟಿನ ಮೇಲೆ ಪದಕಗಳನ್ನು ತೊಟ್ಟು ಜೀಪಿನಿಂದ ಇಳಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಬೋಪಣ್ಣ ಹಾರವನ್ನು ಇವರ ಕೈಗಿತ್ತು, ನೀವೇ ಹಾಕಿ ಎಂದು ಮುಂದಕ್ಕೆ ತಳ್ಳಿದ. ಹಾರ ಹಾಕುವಾಗ ಇವರು ತಲೆಯೆತ್ತಲೇ ಇಲ್ಲ, ನಾನು ಅದನ್ನು ಸಂಕೋಚ ಅಂದುಕೊಂಡೆ. ಸುಬೇದಾರರು ಮೈಕಿನ ಮುಂದೆ ನಿಂತು ಎರಡು ಮಾತಾಡಿ, ಪಕ್ಕದಲ್ಲಿದ್ದ ಇವರ ಹೆಗಲ ಮೇಲೆ ಕೈಯಿಟ್ಟು ಮುಖ ನೋಡಿದರು. ಮತ್ತೆ ನೋಡಿದರು.

"ನಿನ್ನನ್ನು ನಾನು ಕಂಡುಂಟಲ್ಲ. ನಮ್ಮ ತರಬೇತಿ ಸೆಂಟರಿಗೆ ಬಂದವನಲ್ವಾ ನೀನು? ಕುಶಾಲನಗರದ ಹುಡುಗ. ಅರೆ, ಗೋಡೆ ಹಾರಿ ಓಡಿಹೋದವನು!"

ಸುಬೇದಾರರ ದನಿಯಲ್ಲಿ ಕೆಡುಕು ಇರಲಿಲ್ಲ. ಹಳೆ ಶಿಷ್ಯ ಸಿಕ್ಕ ಸಂತೋಷವೇ ಇತ್ತು. ಬೆನ್ನು ತಟ್ಟಿ, "ಎಲ್ಲ ಪಾಸಾಗಿ ಬಂದ ಹುಡುಗ, ಒಂದು ತಿಂಗಳೂ ನಿಲ್ಲಲಿಲ್ಲ. ಇವನ ಅಪ್ಪ ಬಂದು ಕೈಮುಗಿದು ಅತ್ತು ಹೆಸರು ಬಿಡಿಸಿಕೊಂಡು ಹೋದರು. ಇರಲಿ ಇರಲಿ, ಎಷ್ಟೋ ಜನ ಓಡ್ತಾರೆ. ಈಗ ನೋಡಿ, ಎಷ್ಟು ಚೆಂದ ಕ್ಲಬ್ಬು ಮಾಡಿದ್ದಾನೆ!" ಎಂದರು. ಮೈಕು ಎಲ್ಲವನ್ನೂ ಹಿನ್ನೀರಿನವರೆಗೆ ಸಾರಿತು.

ಇವರು ಸೆಟೆದು ನಿಂತು, "ಹೌದು ಸಾರ್, ನಾನೇ" ಎಂದರು. ಆಮೇಲೆ ನಮ್ಮತ್ತ ತಿರುಗಿ ಎಂದಿನ ದನಿಯಲ್ಲೇ ಫಾಲ್ ಇನ್ ಎಂದರು. ನಾವು ಸಾಲಾಗಿ ನಿಂತೆವು. ಕವಾಯತೂ ನಡೆಯಿತು. ಆದರೆ ಯಾರೂ ಅವರ ಮುಖ ನೋಡಲಿಲ್ಲ. ಬಣ್ಣ ತಾಗಿ ಕೂತವರನ್ನು ಹೊತ್ತು ತರಲು ಯಾರೂ ಹೋಗಲಿಲ್ಲ, ಅವರವರೇ ಎದ್ದು ನಡೆದು ಬಂದರು.

ಜಗಳ, ಬೈಗುಳ ಏನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಮುಂದಿನ ಭಾನುವಾರ ಅರ್ಧ ಜನ ಬಂದರು, ಅದರ ಮುಂದಿನ ವಾರ ನಾಲ್ಕು ಜನ. ರಶೀದನನ್ನು ಅವನ ಗ್ಯಾರೇಜಿನಲ್ಲೇ ಹಿಡಿದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡಿದ. "ಒಂದಿಂಚು ಮೇಷ್ಟ್ರೇ. ಆ ಒಂದಿಂಚಿಗೆ ಮನೇಲಿ ಬಾಗಿಲಿಗೆ ನೇತಾಡ್ತಿದ್ದೆ ನಾನು, ಉದ್ದ ಆಗ್ಲಿ ಅಂತ. ಇವ್ರಿಗೆ ಎಲ್ಲ ಇತ್ತು. ಒಳಗೆ ಕರ್ದು ಬೂಟು ಕೊಟ್ಟಿದ್ರು. ಇದ್ದೂ ಬಿಟ್ಟು ಬಂದ್ರಲ್ಲ. ನಮ್ಮೆಲ್ಲರ ಬಾಯಲ್ಲಿ ಕಾರಣ ಹೇಳಿಸಿದ್ರಲ್ಲ." ಬೋಪಣ್ಣನ ಮಾತು ಇನ್ನೂ ಕಠಿಣ. "ನಮ್ಮಪ್ಪ ಸಾಯುವವರೆಗೆ ನಂಗೆ ಮುಖ ಕೊಟ್ಟು ಮಾತಾಡ್ಲಿಲ್ಲ. ಕಣ್ಣಿನ ದೋಷಕ್ಕೆ ನಾನು ಎಂಥ ಮಾಡ್ಬೇಕಿತ್ತು? ಅವರು ನಂಗೆ ಸಿಗ್ಬೇಕಿದ್ದ ಜಾಗಕ್ಕೆ ಹೋಗಿ ಓಡಿ ಬಂದ ಹಾಗೆ ಆಗ್ತದೆ ನಂಗೆ." ಅವನ ನೋವೂ ನಿಜವೇ. ಹೊರಗಿನವರು ಕೇಳಿದ್ದರೆ ಇಷ್ಟೇನಾ ಎಂದು ಮರೆತುಬಿಡುತ್ತಿದ್ದರು. ಬೇಡ ಅನ್ನಿಸಿಕೊಂಡವರಿಗೆ ಅದು ಆಗಲಿಲ್ಲ.

ನಾನು ಮಾತ್ರ ಅಂಗಡಿಗೆ ಹೋಗುತ್ತಿದ್ದೆ. ಒಂದು ಸಂಜೆ ಧೈರ್ಯ ಮಾಡಿ ಏಕೆ ಓಡಿ ಬಂದಿರಿ ಎಂದು ಕೇಳಿದೆ. ಅವರು ಸ್ಪ್ರೇಯರಿನ ವಾಷರ್ ಹುಡುಕುತ್ತಿದ್ದರು.

"ಏನಾದ್ರೂ ಕಾರಣ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು ಮೇಷ್ಟ್ರೇ. ಯಾರೂ ಹೊಡೀಲಿಲ್ಲ, ಬೈಲಿಲ್ಲ. ಊಟನೂ ಚೆನ್ನಾಗಿತ್ತು. ಫೈರಿಂಗ್ ಶುರುವಾದ ದಿನ ಮೈಯೆಲ್ಲ ಹೆದರಿಕೆ ಹತ್ತಿಬಿಡ್ತು. ಬೆಳಿಗ್ಗೆ ಎದ್ರೆ ಬೂಟಿನ ದಾರ ಕಟ್ಟೋಕೆ ಬೆರಳು ಬರ್ತಿರ್ಲಿಲ್ಲ. ಯಾರಾದ್ರೂ ಒಬ್ರು ಪಕ್ಕದಲ್ಲಿ ಕೂತಿದ್ದಿದ್ರೆ ನಿಲ್ತಿದ್ನೇನೋ. ಗೊತ್ತಿಲ್ಲ. ಅಪ್ಪ ಊರಲ್ಲಿ ಮೆಡಿಕಲ್ ಟೆಸ್ಟಲ್ಲಿ ಹೋಯ್ತು ಅಂದ್ರು. ನಾನೂ ಹೂಂ ಅಂದೆ."

"ಕ್ಲಬ್ಬಿನವರಿಗೆ ನೀವೇ ಒಮ್ಮೆ ಹೇಳಿ" ಎಂದೆ.

"ಹೇಳಿ ಏನಾಗುತ್ತೆ? ಅವರ ಸಿಟ್ಟು ನ್ಯಾಯವಾಗೇ ಇದೆ" ಎಂದರು. ವಾಷರ್ ಅವರ ಕೈಯಲ್ಲೇ ಇತ್ತು, ಇನ್ನೂ ಹುಡುಕುತ್ತಿದ್ದರು.

ಆ ಮೇಲೂ ಪ್ರತಿ ಭಾನುವಾರ ಬೂಟು ಪಾಲಿಶ್ ಮಾಡಿ ಹೋಗುತ್ತಿದ್ದರು. ನಾನೊಬ್ಬ ಹೋಗುತ್ತಿದ್ದೆ. ಇಬ್ಬರು ಯಾವ ಯುದ್ಧ ಮಾಡುವುದು? ಲೈನ್ ಮನೆಯ ಮುಂದಿನ ಲಂಟಾನ ಸವರಿ, ಮಾರ್ಕರುಗಳನ್ನು ಒರೆಸಿಟ್ಟು ಬರುತ್ತಿದ್ದೆವು. ಜೂನಿನಲ್ಲಿ ನನಗೆ ಸಂಪಾಜೆಗೆ ವರ್ಗವಾಯಿತು. ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಟ್ರಂಕನ್ನು ತಾವೇ ಮೇಲೆತ್ತಿ ಕೊಟ್ಟರು. ಫೋನು ಮಾಡಿದಾಗಲೆಲ್ಲ ಯಾರಾದರೂ ಬರುತ್ತಿದ್ದಾರಾ ಎಂದು ಕೇಳುತ್ತಿದ್ದೆ. "ಮಳೆ ಅಲ್ವಾ ಮೇಷ್ಟ್ರೇ, ಮಳೆ ಕಡಿಮೆಯಾದ್ರೆ ಬರ್ತಾರೆ" ಎನ್ನುತ್ತಿದ್ದರು. ಮಳೆ ಕಡಿಮೆಯಾಗುವ ಮೊದಲೇ ಅಂಗಡಿಯ ಸ್ಟೂಲಿನ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು, ಅವರನ್ನು ಮಣ್ಣು ಮಾಡುವಾಗ ಹೋಗಲಾಗಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಕ್ಲಬ್ಬಿನವರೆಲ್ಲ ಬಂದಿದ್ದರು. ಬೋಪಣ್ಣ, ರಶೀದ್, ಎಲ್ಲರೂ, ಒಬ್ಬರೂ ತಪ್ಪದೆ. ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು. ಅವರ ಹೆಂಡತಿ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ನಾವು ಒಳಗೆ ಹೋಗಿ ಕೈಮುಗಿದು ನಿಂತೆವು. ಬೋಪಣ್ಣ ತಡೆಯಲಾರದೆ ಬಾಯಿ ತೆರೆದ.

"ಅಕ್ಕ, ಅವರು ಮೊದಲೇ ಹೇಳಿಬಿಟ್ಟಿದ್ರೆ ನಾವು ಎಂಥದೂ ಅಂದ್ಕೊಳ್ತಿರ್ಲಿಲ್ಲ. ನಮ್ಮ ಹತ್ರ ಮುಚ್ಚಿಟ್ರಲ್ಲ ಅಂತ ಬೇಜಾರು."

ಆಕೆ ತಲೆಯೆತ್ತಿ ಅವನನ್ನು ನೋಡಿದರು. ಕಣ್ಣಲ್ಲಿ ನೀರಿರಲಿಲ್ಲ.

"ನಂಗೆ ಹೆಣ್ಣು ನೋಡೋಕೆ ಬಂದ ದಿನಾನೇ ಹೇಳಿದ್ರಪ್ಪ. ಮೆಡಿಕಲ್ ಅಂತ ನಮ್ಮಪ್ಪ ಹೇಳೋದು ಸುಳ್ಳು, ನಾನು ಹೆದ್ರಿ ಓಡಿಬಂದೋನು, ಯೋಚನೆ ಮಾಡಿ ಹೂಂ ಅನ್ನು ಅಂದ್ರು. ನಾನು ಹೂಂ ಅಂದೆ. ನಾನು ಬಿಟ್ಟುಹೋಗ್ತೀನಿ ಅಂತ ಅವ್ರಿಗೆ ಭಯ ಇರ್ಲಿಲ್ಲ. ನೀವು ಹೋಗ್ತೀರಿ ಅಂತ ಇತ್ತು."

ರಶೀದ್ ಬಾಗಿಲ ಕಡೆಗೆ ತಿರುಗಿ ನಿಂತ. ಹೊರಗೆ ಎಲೆ ಹಾಕುವ ಸದ್ದು ಕೇಳುತ್ತಿತ್ತು.

"ಭಾನುವಾರ ಬಂದ್ರೆ ಅಕ್ಕಿ ಜಾಸ್ತಿ ಹಾಕು ಅಂತಿದ್ರು. ಇವತ್ತು ಹುಡುಗ್ರು ಬರ್ತಾರೆ, ಹಸ್ಕೊಂಡಿರ್ತಾರೆ ಅಂತ. ಹೋದ ಭಾನುವಾರದ ಹಿಂದಿನ ಭಾನುವಾರನೂ ಹಾಕ್ಸಿದ್ರು. ಸೋಮವಾರ ನಾನು ಅದನ್ನ ದನಕ್ಕೆ ಹಾಕ್ತಿದ್ದೆ" ಎಂದರು ಆಕೆ. "ಇವತ್ತಾದ್ರೂ ಎಲ್ಲ ಬಂದಿದೀರಲ್ಲ. ಉಂಡ್ಕೊಂಡು ಹೋಗಿ."

ನಾವು ಹೊರಗೆ ಬಂದು ಎಲೆಯ ಮುಂದೆ ಸಾಲಾಗಿ ಕೂತೆವು. ಬಿಸಿ ಅನ್ನ ಬಡಿಸಿಕೊಂಡು ಬಂದರು. ಬೇಡ ಎಂದು ಕೈ ಅಡ್ಡ ಹಿಡಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.